ಅಜ್ಜಿ ಬಿಟ್ಟ ಹುಣಸೆ

ತಮಿಳುನಾಡಿನ ಪೆನ್ನಾಗರದ ಕಡೆಯ ನಮ್ಮೂರಲ್ಲಿ ಯಾವುದಕ್ಕೆ ಬರ ಬಂದರೂ ಹುಣಸೆಗೆ ಬಂದದ್ದಿಲ್ಲ. ಅಂಥ ಊರಲ್ಲಿದ್ದೂ ನನ್ನ ಅಜ್ಜಿ ಹುಳಿ ಬಿಟ್ಟಿದ್ದಳು. "ಹುಳಿ ತಿಂದ್ರೆ ಕೀಲು ಹಿಡೀತದೆ ಕಣವ್ವ" ಎಂಬುದು ಅವಳ ಶಾಸ್ತ್ರ. ನಮಗೆಲ್ಲ ಹುಳಿಸಾರು, ಅವಳ ತಟ್ಟೆಗೆ ರಾಗಿ ಕಳಿ, ಹುರುಳಿಕಟ್ಟು. ಕನ್ನಡದ ಮನೆಯಾದರೂ ನಮ್ಮಲ್ಲಿ ಮುದ್ದೆಗೆ ಕಳಿಯೆಂದೇ ಹೆಸರು.

ನೀರನ್ನಂತೂ ಕುದಿಸದೆ ಬಾಯಿಗಿಟ್ಟವಳಲ್ಲ. ತಪ್ಪಲೆಯ ನೀರು ಅರ್ಧಕ್ಕಿಳಿದರೇ ಅವಳಿಗೆ ಸಮಾಧಾನ. ತಳದಲ್ಲಿ ಸುಣ್ಣದಂಥ ಬಿಳಿ ಹೊಪ್ಪಳೆ ಕಟ್ಟುತ್ತಿತ್ತು. ಅದನ್ನು ತೆಂಗಿನ ಚಿಪ್ಪಿನಿಂದ ಕೆರೆಯುವುದು ನನ್ನ ಕೆಲಸ. ಇಷ್ಟೆಲ್ಲ ಮಾಡಿಯೂ ಅರವತ್ತು ದಾಟುವಷ್ಟರಲ್ಲಿ ಅವಳ ಬೆನ್ನು ಮರಗಟ್ಟಿತು. ಹಿಂದಿನಿಂದ ಕರೆದರೆ ಕತ್ತು ತಿರುಗದು, ಇಡೀ ಮೈಯನ್ನೇ ತಿರುಗಿಸಿ "ಯಾರವ್ವಾ?" ಎನ್ನುವಳು. ಮಕ್ಕಳಾದ ನಮ್ಮ ಹಲ್ಲಿನ ಮೇಲೆ ಕಂದು ಗೆರೆ. ಅವಳ ಬೆನ್ನಿಗೂ ನಮ್ಮ ಹಲ್ಲಿಗೂ ನಂಟಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಯಬಹುದಿತ್ತು. ನಮ್ಮದೇ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ನೆಲ್ಲೂರಿನ ಕಡೆ ಎತ್ತುಗಳು ಕೀಲು ಬಿಗಿದು ನೊಗಕ್ಕೆ ಬಾರದಾದದ್ದನ್ನು ರೈತರು ಮೊದಲೇ ಕಂಡಿದ್ದರು. 1937ರಲ್ಲಿ ಅಲ್ಲಿನ ಮನುಷ್ಯರಲ್ಲೂ ಅದೇ ಕಾಯಿಲೆಯಿದೆ, ಕಾರಣ ಕುಡಿಯುವ ನೀರಿನ ಫ್ಲೋರೈಡ್ ಎಂದು ವೈದ್ಯರು ಬರೆದರು. ನಾನು ಹುಟ್ಟಿದಾಗ ನಮ್ಮೂರು ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಅಡಿಯ ಬಂಡೆ ಅದೇ. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಇಳಿಯುತ್ತದೆ. ಸೇದುವ ಬಾವಿ ಬತ್ತಿ ಬೋರ್ ಕೊರೆಸಿದಾಗ ನಾವು ಕುಡಿಯತೊಡಗಿದ್ದು ಆ ನೀರನ್ನೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಕಟ್ಟಳೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಮಾತ್ರ ಹೋಗದೆ ಉಳಿದ ನೀರಲ್ಲಿ ಗಟ್ಟಿಯಾಗುತ್ತದೆ. ಅಜ್ಜಿಯ ಅರ್ಧ ತಪ್ಪಲೆ ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಹುಣಸೆಯ ಕಥೆ ಇನ್ನೂ ವಿಚಿತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆ ತಿನ್ನಿಸಿ ನೋಡಿದರು. ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಯಿತೆಂದು 2002ರಲ್ಲಿ ಪ್ರಕಟಿಸಿದರು. ಹುಣಸೆ ಔಷಧಿಯೆಂದು ನಾನೇನೂ ಹೇಳುತ್ತಿಲ್ಲ. ಆದರೆ ಅವಳು ಬಿಟ್ಟದ್ದು ಬಿಡಬೇಕಾದ್ದನ್ನಲ್ಲ.

ಕಳಿಯ ವಿಷಯದಲ್ಲಿ ಅಜ್ಜಿಯೇ ಸರಿ, ತಪ್ಪಿದವರು ನಾವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಕ್ಯಾಲ್ಸಿಯಂ ಕಮ್ಮಿಯಾದ ಮೈಗೆ ಫ್ಲೋರೈಡಿನ ಕಾಟ ಜಾಸ್ತಿ. ಅನ್ನ ಉಣ್ಣುವುದು ದೊಡ್ಡಸ್ತಿಕೆ ಎಂದು ನಾವು ಬೀಸುವ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದೆವು. 2011ರಿಂದ ರೇಷನ್ ಅಕ್ಕಿ ಪುಕ್ಕಟೆಯಾದ ಮೇಲಂತೂ ರಾಗಿಯನ್ನು ಕೇಳುವವರೇ ಇರಲಿಲ್ಲ. 2023ರಲ್ಲಿ ಅದೇ ರೇಷನ್ ಅಂಗಡಿಯಲ್ಲಿ, ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಿಗೆ ಮೊದಲಾಗಿ, ಕಾರ್ಡಿಗೆ ಎರಡು ಕಿಲೋ ರಾಗಿ ಬಂತು.

ಆಡಿ ಹದಿನೆಂಟರ ಹಬ್ಬಕ್ಕೆ ಅಜ್ಜಿಯನ್ನು ಹೊಗೇನಕಲ್ಲಿಗೆ ಕರೆದೊಯ್ಯುತ್ತಿದ್ದೆವು. ಎಣ್ಣೆ ತಿಕ್ಕುವವರು ಬಂಡೆಯ ಮೇಲೆ ಮಲಗಿಸಿ ಪಟಪಟ ತಟ್ಟುವರು. ಒಂದು ದಿನ ಹಗುರ, ಮಾರನೇ ದಿನ ಮತ್ತದೇ ಮರ. ಪಕ್ಕದಲ್ಲೇ ಕಾವೇರಿ ಹರಿಯುತ್ತಿತ್ತು. ಆ ನೀರನ್ನು ಊರಿಗೆ ತರುವ ಯೋಜನೆಯ ಹೆಸರಿನಲ್ಲೇ ಫ್ಲೋರೋಸಿಸ್, ಅಂದರೆ ಈ ಫ್ಲೋರೈಡ್ ಕಾಯಿಲೆ, ಇತ್ತು. ಜಪಾನಿನ ಸಾಲದಲ್ಲಿ ಕಟ್ಟಿದ್ದು. 2008ರಲ್ಲಿ ಆ ಯೋಜನೆಗಾಗಿ ತಮಿಳುನಾಡು, ಕರ್ನಾಟಕ ಎರಡೂ ಕಿತ್ತಾಡಿದವು. ಬೆಂಗಳೂರಿನ ನೆಂಟರಿಗೆ ಫೋನ್ ಮಾಡಲು ಆಗ ನನಗೆ ಮುಜುಗರ. 2013ರಲ್ಲಿ ನೀರು ಬಂತು. ಅಜ್ಜಿ ಅದನ್ನು ಕುಡಿಯಲಿಲ್ಲ.

ಈಗ ನಾನು ಸೇಲಂನಲ್ಲಿದ್ದೇನೆ, ನನ್ನ ಮಂಡಿಯೂ ನೋಯುತ್ತದೆ. ವಯಸ್ಸಿನದು ಎನ್ನುತ್ತಾರೆ ಡಾಕ್ಟರು. ಏರ್ಕಾಡಿಗೆ ಹೋದವರು ಮುಡವಾಟ್ಟುಕಾಲ್ ತಂದುಕೊಡುತ್ತಾರೆ: ಕುರಿಯ ಕಾಲಿನಂತೆ ಕಂದು ರೋಮ ಹೊತ್ತ ಜರಿಗಿಡದ ಗಡ್ಡೆ. ಸಿಪ್ಪೆ ಹೆರೆದು, ಮೆಣಸು, ಜೀರಿಗೆ, ಸಣ್ಣ ಈರುಳ್ಳಿ ಜಜ್ಜಿ ಸೂಪು ಮಾಡುತ್ತೇನೆ. ಮಂಡಿಗೆ ತಾಗಿತೋ ಇಲ್ಲವೋ, ನಾಲಿಗೆಗಂತೂ ತಾಗುತ್ತದೆ. ಇಳಿಸುವ ಮುನ್ನ ನಾಲ್ಕು ಹನಿ ಹುಣಸೆರಸ ಹಿಂಡುತ್ತೇನೆ.