ಅಳತೆಯ ಯಂತ್ರಕ್ಕೂ ಆಯುಸ್ಸುಂಟು

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ, ಬದುವಿನ ತಕರಾರು ಎದ್ದಾಗ ಹಳ್ಳಿಗೆ ಬರುವವರು ಸರ್ವೆಯವರು. ಹಿಂದೆ ಅವರ ಜೊತೆಗೆ ಬರುತ್ತಿದ್ದುದು ಕಬ್ಬಿಣದ ಸರಪಳಿ. ಈಗ ಬರುತ್ತಿರುವುದು ಕೋಲಿನ ತುದಿಗೆ ಕೂರಿಸಿದ, ಅಣಬೆಯಂತೆ ಕಾಣುವ ಪೆಟ್ಟಿಗೆ. ‘ರೋವರ್’ ಎಂದು ಕರೆಯುವ ಈ ಜಿಪಿಎಸ್ ಯಂತ್ರ ಬಾಂದುಕಲ್ಲು ಎಲ್ಲಿದೆ ಎಂಬುದನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಹೇಳಬಲ್ಲದು. ಆದರೆ ಅದು ಎಷ್ಟು ವರ್ಷ ಬಾಳುತ್ತದೆ? ಈ ಪ್ರಶ್ನೆಗೆ ಉತ್ತರ ಅದರ ಲೋಹದಲ್ಲಷ್ಟೇ ಇಲ್ಲ. ಒಳಗೆ ಬರೆದಿಟ್ಟ ಸೂಚನೆಗಳಲ್ಲೂ ಇದೆ.

ಚಿತ್ರದುರ್ಗ ಜಿಲ್ಲೆಯ ರೈತರಿಗೆ ಇದು ದೂರದ ಮಾತಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ, ತುಮಕೂರು–ದಾವಣಗೆರೆ ರೈಲುಮಾರ್ಗ, ಗುಡ್ಡಗಳ ಮೇಲಿನ ಗಾಳಿಯಂತ್ರ, ಎಲ್ಲಕ್ಕೂ ಮೊದಲು ಭೂಮಿಯ ಅಳತೆ ಆಗಬೇಕು. ಒಂದು ಎಕರೆಯ ಚೌಕ ಹೊಲದಲ್ಲಿ ಒಂದು ಬದು ಒಂದೇ ಮೀಟರ್ ಒಳಗೆ ಸರಿದರೂ ಅರ್ಧ ಗುಂಟೆಗಿಂತ ಹೆಚ್ಚು ನೆಲ ಕೈತಪ್ಪುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಅಡಿಕೆ ತೋಟದವರಿಗೆ ಅರ್ಧ ಗುಂಟೆಯ ಬೆಲೆ ಏನೆಂದು ಹೇಳಬೇಕಿಲ್ಲ.

ಸರಪಳಿಯ ಕಾಲ

ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಆ ಪದ್ಧತಿಯ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆಗಳ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಕೊಂಡಿ ಬಾಗಿದರೆ ಬಡಿದು ನೆಟ್ಟಗೆ ಮಾಡಬಹುದಿತ್ತು. ಸವೆದು ಹಿಗ್ಗಿದೆಯೇ ಎಂಬುದನ್ನು ಗೊತ್ತಾದ ಅಳತೆಯ ಪಕ್ಕದಲ್ಲಿಟ್ಟು ಯಾರು ಬೇಕಾದರೂ ನೋಡಬಹುದಿತ್ತು.

ದೊಡ್ಡ ಯಂತ್ರಗಳನ್ನೂ ಹೀಗೆಯೇ ಬಾಳಿಸುತ್ತಿದ್ದರು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್, ಮುಂದೆ ಇಂಗ್ಲೆಂಡಿನಿಂದ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟ್ ತರಿಸಿಕೊಂಡರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಪುರಕ್ಕೆ ಬಡಿಯಿತು. ಸೊಟ್ಟಗಾದ ಅದರ ವೃತ್ತವನ್ನು ಲ್ಯಾಂಬ್ಟನ್ ವಾರಗಟ್ಟಲೆ ಶ್ರಮಿಸಿ ಸರಿಪಡಿಸಿದರು. 1830ರ ದಶಕದಲ್ಲಿ, ಎವರೆಸ್ಟ್ ಅವರ ಕಾಲಕ್ಕೆ, ಅದನ್ನೇ ಮತ್ತೆ ಕಳಚಿ ಹೊಸದಾಗಿ ಜೋಡಿಸಲಾಯಿತು.

ಪೆಟ್ಟಿಗೆಯೊಳಗಿನ ಪಂಚಾಂಗ

ಜಿಪಿಎಸ್ ಯಂತ್ರದ ಕಥೆ ಬೇರೆ. ಉಪಗ್ರಹದಿಂದ ಹೊರಟ ರೇಡಿಯೊ ಸಂಕೇತ ತಲುಪಲು ಹಿಡಿದ ಸಮಯದಿಂದ ಅದು ದೂರವನ್ನು ಲೆಕ್ಕ ಹಾಕುತ್ತದೆ. ಲೆಕ್ಕ ಹೇಗೆ ಹಾಕಬೇಕೆಂದು ಯಂತ್ರದೊಳಗೆ ಬರೆದಿಟ್ಟಿರುವ ಕಾಯಂ ಸೂಚನೆಗಳೇ ‘ಫರ್ಮ್‌ವೇರ್’. ಅದನ್ನು ಆಗಾಗ ಪರಿಷ್ಕರಿಸಿ ಕೊಡಬೇಕಾದವರು ತಯಾರಕರು. ಅವರು ಕೈಬಿಟ್ಟರೆ ಊರಿನ ಯಾವ ಕಮ್ಮಾರನೂ ಅದನ್ನು ಬಡಿದು ನೆಟ್ಟಗೆ ಮಾಡಲಾರ.

ಇದಕ್ಕೆ ಒಳ್ಳೆಯ ಉದಾಹರಣೆ ವಾರಗಳ ಎಣಿಕೆ. ನಮ್ಮ ಸಂವತ್ಸರಗಳು ಅರವತ್ತಕ್ಕೊಮ್ಮೆ ಮರಳಿ ಬರುತ್ತವೆ. ‘ಕ್ರೋಧಿ ಸಂವತ್ಸರ’ ಎಂದಷ್ಟೇ ಬರೆದರೆ ಅದು 1964–65 ಇರಬಹುದು, 2024–25 ಇರಬಹುದು. ಶಾಸನದಲ್ಲಿ ಜೊತೆಗೆ ಶಕವರ್ಷ ಇದ್ದರೆ ಮಾತ್ರ ಸಂದೇಹ ನೀಗುತ್ತದೆ. ಜಿಪಿಎಸ್ ಉಪಗ್ರಹಗಳ ಹಳೆಯ ಸಂಕೇತದಲ್ಲೂ ಇಂಥದೇ ತೊಡಕಿದೆ. 1980ರ ಜನವರಿ 6ರಿಂದ ಎಣಿಸುವ ವಾರಗಳಿಗೆ ಅಲ್ಲಿ ಇರುವುದು ಹತ್ತು ಬಿಟ್‌ಗಳ ಜಾಗ. 1023 ಆದ ಮೇಲೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಸುಮಾರು ಹತ್ತೊಂಬತ್ತೂವರೆ ವರ್ಷದ ಈ ಚಕ್ರ 1999ರ ಆಗಸ್ಟ್ 21ರ ರಾತ್ರಿ ಒಮ್ಮೆ, 2019ರ ಏಪ್ರಿಲ್ 6ರ ರಾತ್ರಿ ಮತ್ತೊಮ್ಮೆ ಮುಗಿಯಿತು. ಮುಂದಿನ ಸರದಿ 2038ರ ನವೆಂಬರ್‌ನಲ್ಲಿ.

ಇದು ಎಷ್ಟನೆಯ ಚಕ್ರ ಎಂದು ತಿಳಿಯುವುದು ಫರ್ಮ್‌ವೇರ್ ಕೆಲಸ. 2019ರಲ್ಲಿ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲವೇ ಇದರಿಂದ ಕೆಲಕಾಲ ಸ್ತಬ್ಧವಾಗಿತ್ತು. ಸರ್ವೆ ಯಂತ್ರದಲ್ಲಿ ತೊಂದರೆ ಇನ್ನೂ ಸೂಕ್ಷ್ಮ. ಕ್ಷೇತ್ರದಲ್ಲಿ ತೋರುವ ಸ್ಥಾನ ಸರಿಯಾಗಿಯೇ ಇದ್ದು, ಕಡತದ ಮೇಲೆ ಮಾತ್ರ ಎರಡು ದಶಕ ಹಿಂದಿನ ತಾರೀಖು ಬೀಳಬಹುದು. ಅಳತೆಯನ್ನು ಆಮೇಲೆ ಕಚೇರಿಯಲ್ಲಿ ಕುಳಿತು ತಿದ್ದಲು ಆ ದಿನದ ಉಪಗ್ರಹಗಳ ಪಥದ ಮಾಹಿತಿ ಬೇಕು. ದಿನವೇ ತಪ್ಪಾದರೆ ಲೆಕ್ಕ ಕೂಡುವುದಿಲ್ಲ. ನಾಳೆ ನ್ಯಾಯಾಲಯದಲ್ಲಿ ಆ ಕಡತ ಸಾಕ್ಷಿಯಾದರೆ ರೈತ ಏನು ಹೇಳಬೇಕು?

ಪರಿಷ್ಕರಣೆಯ ಮಿತಿ

ಎಲ್ಲ ಕಾಯಿಲೆಗೂ ಫರ್ಮ್‌ವೇರ್ ಮದ್ದಲ್ಲ. ನಮ್ಮದೇ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಸಂಚಾರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಆರಂಭದ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಾಂತರಗಳಲ್ಲಿ ಸಂಕೇತ ಕಳುಹಿಸುತ್ತವೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಮೊದಲ ಬಾರಿಗೆ ಎಲ್1 ಸಂಕೇತವನ್ನೂ ಸೇರಿಸಿತು. ಯಂತ್ರದ ಆಂಟೆನಾ ಮತ್ತು ಚಿಪ್ ಆ ತರಂಗವನ್ನು ಹಿಡಿಯುವಂತಿದ್ದರೆ ಹೊಸ ಫರ್ಮ್‌ವೇರ್ ಅದಕ್ಕೆ ಹೊಸ ಭಾಷೆ ಕಲಿಸಬಲ್ಲದು. ಕಿವಿಯೇ ಇಲ್ಲದ ಯಂತ್ರಕ್ಕೆ ಭಾಷೆ ಕಲಿಸಿ ಫಲವಿಲ್ಲ. ದಟ್ಟ ಅಡಿಕೆ ತೋಟದಲ್ಲಿ, ಬಂಡೆಗುಡ್ಡದ ಮರೆಯಲ್ಲಿ ಆಕಾಶ ಕಾಣುವುದೇ ಕಡಿಮೆ. ಅಲ್ಲಿ ಹೆಚ್ಚು ಉಪಗ್ರಹಗಳನ್ನು ಹಿಡಿಯುವ ಯಂತ್ರಕ್ಕೇ ಮೇಲುಗೈ.

ಇನ್ನೊಂದು ಕೊಂಡಿ ಮೊಬೈಲ್ ಜಾಲ. ಸ್ಥಿರ ಕೇಂದ್ರದಿಂದ ಬರುವ ತಿದ್ದುಪಡಿಯನ್ನು ರೋವರ್ ಸಾಮಾನ್ಯವಾಗಿ ಮೊಬೈಲ್ ಮೂಲಕ ಪಡೆಯುತ್ತದೆ. ಕಂಪನಿಗಳು 3ಜಿ ಸೇವೆ ನಿಲ್ಲಿಸಿದ ಕಡೆ, ಅದನ್ನೇ ನಂಬಿದ್ದ ಮೋಡೆಮ್ ಮೂಕವಾಗುತ್ತದೆ. ಉಳಿದ ಯಂತ್ರ ಗಟ್ಟಿಮುಟ್ಟಾಗಿದ್ದರೂ ಹೊರಗಿನ ಫೋನನ್ನು ಜೋಡಿಸಿಯೇ ಅದನ್ನು ನಡೆಸಬೇಕು.

ಆದ್ದರಿಂದ ಸಾರ್ವಜನಿಕ ಹಣದಲ್ಲಿ ಯಂತ್ರ ಕೊಳ್ಳುವಾಗ ಬೆಲೆಯ ಜೊತೆಗೆ ಕೇಳಬೇಕಾದ ಪ್ರಶ್ನೆಗಳಿವೆ. ಎಷ್ಟು ವರ್ಷ ಫರ್ಮ್‌ವೇರ್ ಕೊಡುತ್ತೀರಿ? 2038ರ ಸರದಿಯನ್ನು ಈ ಯಂತ್ರ ದಾಟುತ್ತದೆಯೇ? ಅಳತೆಯನ್ನು ‘ರೈನೆಕ್ಸ್’ ರೂಪದಲ್ಲಿ ತೆಗೆದಿಡಬಹುದೇ? 1989ರಲ್ಲಿ ರೂಪುಗೊಂಡ ಈ ಮುಕ್ತ ಮಾದರಿಯ ಕಡತವನ್ನು ಯಾವ ಕಂಪನಿಯ ಹಂಗಿಲ್ಲದೆಯೂ ಓದಬಹುದು.

ಜೊತೆಗೆ ಬಾಂದುಕಲ್ಲನ್ನು ಕೀಳದೆ ಕಾಪಾಡಬೇಕು. ಯಂತ್ರ ಬದಲಾದಾಗ ಹಳೆಯ ಅಳತೆಯನ್ನು ಹೊಸದರೊಂದಿಗೆ ತಾಳೆ ನೋಡಲು ನೆಲದ ಮೇಲೆ ಉಳಿಯುವ ಗುರುತು ಅದೊಂದೇ.