ಕಿಟಕಿಯ ಸಂದಿನಲ್ಲಿ ಮಳೆನೀರು

ಮಳೆಗಾಲದಲ್ಲಿ ನಿಮ್ಮ ಮನೆಯ ಪಶ್ಚಿಮ ದಿಕ್ಕಿನ ಕಿಟಕಿಯನ್ನು ಒಮ್ಮೆ ಗಮನಿಸಿ. ಮರದ ಚೌಕಟ್ಟು ಗೋಡೆಯನ್ನು ಸೇರುವಲ್ಲಿ, ಅದರಲ್ಲೂ ಕೆಳಗಿನ ಎರಡು ಮೂಲೆಗಳಲ್ಲಿ, ಬಣ್ಣ ಉಬ್ಬಿ ಗಾರೆ ಉದುರುತ್ತಿದೆಯೇ? ಹೊರಗಿನಿಂದ ನೋಡಿದರೆ ದೊಡ್ಡ ಬಿರುಕೇನೂ ಕಾಣುವುದಿಲ್ಲ. ಆದರೂ ನೀರು ಒಳಗೆ ಬಂದಿದೆ. ಹೇಗೆ?

ಕರಾವಳಿಯಲ್ಲಿರುವ ನಮ್ಮ ಮನೆಯಲ್ಲೂ ಇದೇ ಕಥೆ. ಗಾರೆ ಕೆಲಸದವರು ಬಂದು ಚೌಕಟ್ಟಿನ ಸುತ್ತ ಹೊರಗಡೆಯಿಂದ ಸಿಮೆಂಟು ಮೆತ್ತಿ ಹೋದರು. ಮರುವರ್ಷ ಮತ್ತೆ ಸೋರಿತು, ಮತ್ತೆ ಮೆತ್ತಿಸಿದೆ. ಮೂರನೆಯ ವರ್ಷ ಚೌಕಟ್ಟಿನ ಕೆಳಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದಾಗ ಅದು ಒಂದು ಅಂಗುಲ ಸಲೀಸಾಗಿ ಒಳಗಿಳಿಯಿತು. ತೇಗದ ಮರ! ನನ್ನ ತಂದೆಯವರು ಮಾಡಿಸಿದ್ದು. ವರ್ಷಗಟ್ಟಲೆ ಲೋಮನಾಳದ ಪಾಠ ಮಾಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಕೆಂದರೆ ಕಿಟಕಿ ಸೋರುವುದು ಬರೇ ಲೋಮನಾಳದ ವಿಷಯವಲ್ಲ. ಅದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ವಿಜ್ಞಾನಕ್ಕೇ ಎರಡೂವರೆ ಶತಮಾನ ಬೇಕಾಯಿತು.

ಗಾಜಿನ ಫಲಕಗಳಿಂದ ಆರಂಭ

18ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಫ್ರಾನ್ಸಿಸ್ ಹಾಕ್ಸ್‌ಬೀ ಎಂಬ ಪ್ರಯೋಗಕುಶಲಿ ಇದ್ದ. ಆಗ ಸೊಸೈಟಿಯ ಅಧ್ಯಕ್ಷ ನ್ಯೂಟನ್. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಮೇಲೇರುವುದಕ್ಕೆ ಗಾಳಿಯ ಒತ್ತಡ ಕಾರಣವಿರಬಹುದೆಂದು ಹಲವರು ಊಹಿಸಿದ್ದರು. ಹಾಕ್ಸ್‌ಬೀ ಅದೇ ಪ್ರಯೋಗವನ್ನು ಗಾಳಿ ತೆಗೆದ ಪಾತ್ರೆಯೊಳಗೆ ಮಾಡಿ ನೋಡಿದ. ಅಲ್ಲೂ ನೀರು ಏರಿತು. 1709ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ಪ್ರಯೋಗಗಳ ವಿವರವಿದೆ.

1712ರಲ್ಲಿ ಬ್ರೂಕ್ ಟೇಲರ್ (ಗಣಿತದ ಟೇಲರ್ ಶ್ರೇಣಿಯ ಟೇಲರ್ ಇವನೇ) ಎರಡು ಗಾಜಿನ ಫಲಕಗಳನ್ನು ಒಂದು ಅಂಚಿನಲ್ಲಿ ಕೂಡಿಸಿ, ಇನ್ನೊಂದು ಅಂಚಿನಲ್ಲಿ ತುಸು ತೆರೆದು ನೀರಿನಲ್ಲಿ ನಿಲ್ಲಿಸಿದ. ಸಂದು ಕಿರಿದಾದಲ್ಲಿ ನೀರು ಎತ್ತರಕ್ಕೆ, ಅಗಲವಾದಲ್ಲಿ ತಗ್ಗಿಗೆ. ನೀರಿನ ಅಂಚು ಬರೆದ ರೇಖೆ ಹೈಪರ್ಬೊಲ! ಈ ಪ್ರಯೋಗಕ್ಕೆ ಎರಡು ಗಾಜಿನ ಪಟ್ಟಿ, ಒಂದು ಬೆಂಕಿಕಡ್ಡಿ, ಒಂದು ರಬ್ಬರ್ ಬ್ಯಾಂಡ್ ಮತ್ತು ಬಣ್ಣದ ನೀರು ಸಾಕು. ತರಗತಿಯಲ್ಲಿ ಮಾಡಿಸಿ ನೋಡಿ. 1718ರಲ್ಲಿ ಜೇಮ್ಸ್ ಜೂರಿನ್, ನೀರೇರುವ ಎತ್ತರ ನಳಿಗೆಯ ವ್ಯಾಸಕ್ಕೆ ವಿಲೋಮ ಅನುಪಾತದಲ್ಲಿದೆ ಎಂಬ ನಿಯಮವನ್ನು ತಿಳಿಸಿದ. ಮೇಲ್ಮೈ ಎಳೆತ, ಸ್ಪರ್ಶಕೋನಗಳ ಸಿದ್ಧಾಂತ 1805ರಲ್ಲಿ ಯಂಗ್ ಮತ್ತು 1806ರಲ್ಲಿ ಲಾಪ್ಲಾಸ್ ಅವರಿಂದ ಬಂತು.

ನಿಮ್ಮ ಕಿಟಕಿಯ ಸಂದು ಕೂಡ ಟೇಲರನ ಫಲಕಗಳಂತೆಯೇ. ಒಂದು ಕಡೆ ಗಾರೆ, ಇನ್ನೊಂದು ಕಡೆ ಮರ. ಸಂದಿನ ಅಗಲ 0.5 ಮಿ.ಮೀ. ಇದ್ದರೆ ನೀರು ಸುಮಾರು 29 ಮಿ.ಮೀ. ಮೇಲೇರಬಲ್ಲದು, 1 ಮಿ.ಮೀ. ಇದ್ದರೆ ಅದರ ಅರ್ಧ. ಬಿರುಕು ಕಿರಿದಾದಷ್ಟೂ ಹೀರಿಕೆ ಹೆಚ್ಚು ಎಂಬುದನ್ನು ಮರೆಯಬೇಡಿ. ಕಾಣದ ಬಿರುಕು ಕಾಡುವುದು ಇದಕ್ಕೇ.

ಈ ಬಿರುಕು ಬರುವುದಾದರೂ ಎಲ್ಲಿಂದ? ಮರ ತೇವ ಹೀರಿದಾಗ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ತೇಗ ಬಹಳ ಕಡಿಮೆ ಕುಗ್ಗುವ ಮರ. ಆದರೂ ಅದರ ತೇವಾಂಶ ಶೇ. 12ರಿಂದ 18ಕ್ಕೆ ಏರಿದರೆ 10 ಸೆಂ.ಮೀ. ಅಗಲದ ಪಟ್ಟಿ ಸುಮಾರು 1 ಮಿ.ಮೀ.ನಷ್ಟು ಹಿಗ್ಗಬಹುದು. ಸಿಮೆಂಟು ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಮೊದಲ ಬೇಸಿಗೆಯಲ್ಲೇ ಅವೆರಡೂ ಬೇರೆಯಾಗುತ್ತವೆ.

ಹಳಬರ ಉಪಾಯಗಳು

ಸಿದ್ಧಾಂತಕ್ಕೆ ಕಾಯದೆ ಜನ ಕಿಟಕಿ ಮಾಡಿಕೊಂಡೇ ಬಂದರು. ಯುರೋಪಿನಲ್ಲಿ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಪುಟ್ಟಿ ಬಳಕೆಗೆ ಬಂತು. ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ; ಗಾಳಿಯ ಆಕ್ಸಿಜನ್ ಹೀರಿ ಗಟ್ಟಿಯಾಗುವುದು. ಈ ಕ್ರಿಯೆ ನಿಲ್ಲದೆ ಮುಂದುವರಿಯುವುದರಿಂದ ಹಳೆಯ ಪುಟ್ಟಿ ಪೆಡಸಾಗಿ ಒಡೆಯುತ್ತದೆ. 1709ರ ಲಂಡನ್ ಕಟ್ಟಡ ಕಾಯಿದೆಯಂತೆ ಕಿಟಕಿ ಚೌಕಟ್ಟನ್ನು ಗೋಡೆಯ ಹೊರಮೈಯಿಂದ 4 ಅಂಗುಲ ಒಳಕ್ಕೆ ಕೂರಿಸಬೇಕಾಯಿತು. ಉದ್ದೇಶ ಬೆಂಕಿ ಹರಡದಂತೆ ತಡೆಯುವುದು. ಮಳೆಯಿಂದ ರಕ್ಷಣೆ ಪುಕ್ಕಟೆಯಾಗಿ ದೊರೆಯಿತು!

ನಮ್ಮಲ್ಲಿ ಆ ಕೆಲಸವನ್ನು ಮಾಡುತ್ತಿದ್ದುದು ಸೂರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಂತರ ಹೆಂಚಿನ ಇಳಿಮಾಡು ಎಲ್ಲೆಡೆ ಹರಡಿತು. ಉದ್ದನೆಯ ಸೂರಿನಡಿ ಕಿಟಕಿ ನೆನೆಯುತ್ತಿದ್ದುದೇ ಅಪರೂಪ. ತಾರಸಿ ಮನೆ ಬಂದಮೇಲೆ ಸೂರು ಒಂದೂವರೆ ಅಡಿಯ ಸಜ್ಜವಾಯಿತು. ಲೆಕ್ಕ ಹಾಕಿ: 2 ಮಿ.ಮೀ. ವ್ಯಾಸದ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿಯ ವೇಗ 10 ಮೀಟರ್ ಆದರೆ 45 ಸೆಂ.ಮೀ. ಸಜ್ಜ ತನ್ನ ಕೆಳಗೆ 30 ಸೆಂ.ಮೀ. ಗೋಡೆಯನ್ನಷ್ಟೇ ಕಾಪಾಡೀತು. ಕಿಟಕಿಯ ಕೆಳಮೂಲೆಗಳಿಗೆ ಅದರಿಂದ ಪ್ರಯೋಜನವಿಲ್ಲ.

ಮುಚ್ಚಿದರೆ ಸಾಕೆ?

20ನೆಯ ಶತಮಾನದಲ್ಲಿ ರಬ್ಬರಿನಂತೆ ಎಳೆದರೆ ಹಿಗ್ಗುವ ಮೇಣಗಳು ಬಂದವು. ಮೊದಲು ಪಾಲಿಸಲ್ಫೈಡ್, ಅನಂತರ ಸಿಲಿಕೋನ್. ಇನ್ನು ಸಂದುಗಳ ಚಿಂತೆಯಿಲ್ಲ ಎಂದುಕೊಂಡು ವಾಸ್ತುಶಿಲ್ಪಿಗಳು ಗಾಜಿನ ಗೋಡೆಗಳ ಎತ್ತರದ ಕಟ್ಟಡಗಳನ್ನು ಕಟ್ಟತೊಡಗಿದರು. ನ್ಯೂಯಾರ್ಕಿನ ಲೀವರ್ ಹೌಸ್ 1952ರಲ್ಲಿ ಪೂರ್ಣಗೊಂಡಿತು. ಅದರ ಹೊಳೆಯುವ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಗಳ ಹಿಂದೆ ನುಸುಳಿದ ಮಳೆನೀರು ಒಳಗಿನ ಸಾಧಾರಣ ಉಕ್ಕಿಗೆ ತುಕ್ಕು ಹಿಡಿಸಿತು. ತುಕ್ಕು ಉಬ್ಬಿ ಗಾಜುಗಳು ಒಡೆದವು. ಕೊನೆಗೆ ಇಡೀ ಗಾಜಿನ ಗೋಡೆಯನ್ನೇ ಬದಲಿಸಬೇಕಾಯಿತು. ನನ್ನ ತೇಗದ ಪಟ್ಟಿಗೆ ಆದದ್ದೂ ಇದೇ ಅಲ್ಲವೇ?

ಉತ್ತರ ಬಂದದ್ದು ಚಳಿ ದೇಶಗಳಿಂದ. ನಾರ್ವೆಯ ಬಿರ್ಕೆಲಾಂಡ್ 1962ರಲ್ಲಿ ಈ ಕುರಿತು ಬರೆದರು. 1963ರ ಏಪ್ರಿಲ್‌ನಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ. ಕೆ. ಗಾರ್ಡನ್ ‘ಕೆನಡಿಯನ್ ಬಿಲ್ಡಿಂಗ್ ಡೈಜೆಸ್ಟ್’ ಮಾಲಿಕೆಯ 40ನೆಯ ಸಂಚಿಕೆಯಲ್ಲಿ ಅದನ್ನು ಕೆಲವೇ ಪುಟಗಳಲ್ಲಿ ಸ್ಪಷ್ಟಪಡಿಸಿದರು. ಸೋರಲು ಮೂರು ಬೇಕು: ನೀರು, ರಂಧ್ರ, ನೀರನ್ನು ಆ ರಂಧ್ರದ ಮೂಲಕ ದೂಡುವ ಬಲ. ಮಳೆಯನ್ನು ನಿಲ್ಲಿಸಲಾಗದು. ರಂಧ್ರವೇ ಇಲ್ಲದಂತೆ ಬಹುಕಾಲ ಕಾಯ್ದುಕೊಳ್ಳುವುದೂ ಆಗದು. ಉಳಿದದ್ದು ಬಲ. ಅದನ್ನು ಏಕೆ ತೆಗೆದುಹಾಕಬಾರದು?

ಬಲಗಳು ಹಲವು: ಹನಿಯ ವೇಗ, ಗುರುತ್ವ, ಲೋಮನಾಳದ ಹೀರಿಕೆ, ಗಾಳಿಯ ಒತ್ತಡ. ಲೋಮನಾಳದಲ್ಲಿ ಮೇಲೇರಿದ ನೀರು ಅದರ ತುದಿಯಿಂದ ತಾನಾಗಿ ತೊಟ್ಟಿಕ್ಕುವುದಿಲ್ಲ. ಹಾಗಾಗಿದ್ದರೆ ನಿರಂತರ ಚಲನಯಂತ್ರವೇ ಸಿಕ್ಕುತ್ತಿತ್ತು! ಅದನ್ನು ಒಳಕ್ಕೆ ದೂಡುವುದು ಗಾಳಿ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಗೋಡೆಯ ಮೇಲೆ ಹೇರುವ ಒತ್ತಡ ½ρv², ಅಂದರೆ ಸುಮಾರು 240 ಪ್ಯಾಸ್ಕಲ್. ಇದು 24 ಮಿ.ಮೀ. ಎತ್ತರದ ನೀರಿನ ಕಂಬಕ್ಕೆ ಸಮ. ಕೆಳಪಟ್ಟಿಯ ಒಳ ಅಂಚು ಇದಕ್ಕಿಂತ ಗಿಡ್ಡವಿದ್ದರೆ ನೀರು ಅದನ್ನು ಹತ್ತಿ ಇಳಿಯುತ್ತದೆ.

ಗಾರ್ಡನ್ ಹೇಳಿದ ಉಪಾಯ ಮೇಲ್ನೋಟಕ್ಕೆ ತಲೆಕೆಳಗು. ಗಾಳಿಯನ್ನು ತಡೆಯುವ ಬಿಗಿಯಾದ ಮುದ್ರೆ ಒಳಬದಿಯಲ್ಲಿರಲಿ. ಹೊರಬದಿ ಹನಿಗಳನ್ನು ತಡೆಯುವ ಬರೀ ಮರೆಯಾಗಿರಲಿ. ನಡುವಿನ ಸಂದು ಹೊರಗಿನ ಗಾಳಿಗೆ ತೆರೆದಿರಲಿ. ಆಗ ಸಂದಿನೊಳಗೂ ಹೊರಗೂ ಒತ್ತಡ ಸಮ. ದೂಡುವ ಬಲವಿಲ್ಲದ ನೀರು ಗುರುತ್ವಕ್ಕೆ ಒಳಗಾಗಿ ಕೆಳಗಿನ ತೂತಿನಿಂದ ಹೊರಗೇ ಹೋಗುತ್ತದೆ.

ನಾವು ಮಾಡಿದ್ದು ಸರಿಯಾಗಿ ಇದರ ವಿರುದ್ಧ. ಹೊರಗೆ ಬಿಗಿ, ಒಳಗೆ ಸಡಿಲ.

ಕಳೆದ ಬೇಸಿಗೆಯಲ್ಲಿ ಬಡಗಿಯನ್ನು ಕರೆಸಿದೆ. ಸಿಮೆಂಟನ್ನೆಲ್ಲ ಒಡೆದು, ಲಡ್ಡಾದ ಕೆಳಪಟ್ಟಿ ತೆಗೆದು, ಹೊರಕ್ಕೆ ಇಳಿಜಾರಿರುವ, ಒಳ ಅಂಚು 30 ಮಿ.ಮೀ. ಎತ್ತರವಿರುವ ಹೊಸ ಪಟ್ಟಿ ಕೂರಿಸಿದರು. ಪಟ್ಟಿಯ ಹೊರಚಾಚಿನ ತಳದಲ್ಲಿ ಬೆರಳಗಲದ ಒಂದು ಗೀರು ತೋಡಿದರು. ನೀರು ಮರಕ್ಕೆ ಅಂಟಿಕೊಂಡು ಗೋಡೆಯತ್ತ ಸಾಗದೆ ಅಲ್ಲೇ ಹನಿಯಾಗಿ ಬೀಳಲೆಂದು. ಸಜ್ಜದ ತಳದಲ್ಲಿ ಗಾರೆ ತುಂಬಿ ಮುಚ್ಚಿಹೋಗಿದ್ದ ಅಂಥದೇ ಗೀರನ್ನು ನಾನೇ ಕೆರೆದು ತೆಗೆದೆ. ಮರ ಚೆನ್ನಾಗಿ ಒಣಗಿದ ಮೇಲೆ ಒಳಬದಿಯ ಸಂದಿಗೆ ಸುತ್ತಲೂ ಸಿಲಿಕೋನ್ ಹಾಕಿ, ಹೊರಗಡೆ ತಲೆ ಮತ್ತು ಪಕ್ಕಗಳಿಗೆ ಮರದ ಪಟ್ಟಿಯ ಮರೆ ಹೊಡೆದೆವು. ಹೊರಗಿನ ಕೆಳಸಂದನ್ನು ಮುಚ್ಚಲಿಲ್ಲ. “ಅಲ್ಲಿ ಬಿಟ್ಟರೆ ನೀರು ಬರುವುದಿಲ್ಲವೇ ಸಾರ್?” ಎಂದು ಬಡಗಿ ಎರಡು ಸಲ ಕೇಳಿದರು.

ಜೂನ್ ಎರಡನೆಯ ವಾರ ಗಾಳಿಮಳೆ ಜೋರಾಯಿತು. ಕೊಡೆ ಹಿಡಿದು ಹೊರಗೆ ಹೋಗಿ ನೋಡಿದೆ. ಕೆಳಸಂದಿನಿಂದ ನೀರು ತೊಟ್ಟು ತೊಟ್ಟಾಗಿ ಹೊರಕ್ಕೆ ಬೀಳುತ್ತಿತ್ತು. ಒಳಗಿನ ಗೋಡೆ ಒಣಗಿತ್ತು.