ಮೂಳೆ ಸವೆಸುವ ಕೋಶಕ್ಕೆ ಅಪ್ಪಣೆ ಯಾರದು? ಅಂಗಾಂಶ ಕೃಷಿಯ ಚರಿತ್ರೆಯಿಂದ ಒಂದು ಅಧ್ಯಾಯ

ಹಲವು ಕೋಶಕೇಂದ್ರಗಳುಳ್ಳ ದೊಡ್ಡ ಕೋಶವೊಂದು ಮೂಳೆಯನ್ನು ಕರಗಿಸುತ್ತದೆ. 1873ರಲ್ಲಿ ಆಲ್ಬರ್ಟ್ ಕೊಲಿಕರ್ ಅದನ್ನು ಆಸ್ಟಿಯೋಕ್ಲಾಸ್ಟ್ ಎಂದು ಕರೆದರು. ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಈ ಕೋಶಗಳೂ ಹೆಚ್ಚುತ್ತವೆ, ಮೂಳೆ ಸವೆಯುತ್ತದೆ. ಹಾರ್ಮೋನು ನೇರವಾಗಿ ಈ ಕೋಶದ ಮೇಲೆಯೇ ಕೆಲಸ ಮಾಡುತ್ತದೆಂದು ಯಾರಿಗಾದರೂ ತೋರುವುದು ಸಹಜ. ಅದು ಹಾಗಲ್ಲವೆಂದು ತಿಳಿದದ್ದು ಪ್ರಯೋಗಗಳು ಫಲ ಕೊಡದೇ ಹೋದ ಕಡೆ ಎಂಬುದು ಈ ಲೇಖನದ ವಾದ.

1965ರಲ್ಲಿ ಲಾರೆನ್ಸ್ ರೈಸ್ ಗರ್ಭಿಣಿ ಇಲಿಗೆ ವಿಕಿರಣಶೀಲ ಕ್ಯಾಲ್ಸಿಯಂ-45 ಚುಚ್ಚಿ, ಭ್ರೂಣದ ಮುಂಗೈ ಮೂಳೆಗಳನ್ನು ತೆಗೆದು ಪೋಷಕ ದ್ರವದಲ್ಲಿಟ್ಟರು. ಮೂಳೆ ಕರಗಿದಷ್ಟೂ ವಿಕಿರಣ ದ್ರವಕ್ಕೆ ಇಳಿಯುತ್ತದೆ, ಅಳೆದರಾಯಿತು. ಪ್ಯಾರಾಥೈರಾಯ್ಡ್ ಹಾರ್ಮೋನು ಹಾಕಿದಾಗ ಅಳತೆ ಏರಿತು, ಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಹಾರ್ಮೋನು ಹಾಕಿದಾಗ ಇಳಿಯಿತು. ಸೊಗಸಾದ ವಿಧಾನವೇ. ಆದರೆ ಆ ತುಣುಕಿನಲ್ಲಿ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳೂ ಇದ್ದವು. ಅಪ್ಪಣೆ ಯಾರ ಕಿವಿಗೆ ಬಿತ್ತೆಂದು ಹೇಳುವಂತಿರಲಿಲ್ಲ.

1981ರಲ್ಲಿ ರೋಡನ್ ಮತ್ತು ಮಾರ್ಟಿನ್ ಮಧ್ಯವರ್ತಿ ಆಸ್ಟಿಯೋಬ್ಲಾಸ್ಟೇ ಇರಬೇಕೆಂದು ಊಹಿಸಿದರು. ಲಂಡನ್ನಿನ ಟಿಮೊಥಿ ಚೇಂಬರ್ಸ್ ಆಸ್ಟಿಯೋಕ್ಲಾಸ್ಟ್‌ಗಳನ್ನು ಬೇರ್ಪಡಿಸಿ ನೋಡಿದರು. ಕ್ಯಾಲ್ಸಿಟೋನಿನ್ ಸೋಕಿದ ಕೆಲವೇ ನಿಮಿಷಗಳಲ್ಲಿ ಅವುಗಳ ಚಲನೆ ನಿಂತಿತು. ಮೂಳೆಯ ತೆಳು ಬಿಲ್ಲೆಗಳ ಮೇಲೆ ಬಿಟ್ಟರೆ ಅವು ಕೊರೆದ ಕುಳಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಬಹುದಿತ್ತು. ಅಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನಿಗೆ ಕುಳಿ ಹೆಚ್ಚಲಿಲ್ಲ. ಆಸ್ಟಿಯೋಬ್ಲಾಸ್ಟ್‌ಗಳನ್ನು ಜೊತೆಗೆ ಸೇರಿಸಿದ ಮೇಲೆ ಹೆಚ್ಚಿದವು. 1986ರಲ್ಲಿ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನು ಕೂಡ ಇದೇ ಬಳಸುದಾರಿ ಹಿಡಿಯುತ್ತದೆಂದು ಅವರ ತಂಡವೇ ತೋರಿಸಿತು. ಬಿಳಿರಕ್ತಕಣಗಳು ಮೂಳೆ ಸವೆಸುವ ಅಂಶವೊಂದನ್ನು ಸ್ರವಿಸುತ್ತವೆಂದು 1972ರಲ್ಲೇ ಗೊತ್ತಾಗಿತ್ತು. ಅದಕ್ಕೆ 'ಆಸ್ಟಿಯೋಕ್ಲಾಸ್ಟ್ ಉತ್ತೇಜಕ ಅಂಶ' ಎಂದು ಹೆಸರೂ ಬಿದ್ದಿತ್ತು. ಅದರ ಮುಖ್ಯ ಘಟಕ ಇಂಟರ್‌ಲ್ಯೂಕಿನ್-1 ಎಂದು ಮುಂದೆ ಗುರುತಿಸಲಾಯಿತು. ಹೆಸರು ನೇರ ಸಂಬಂಧವನ್ನು ಸೂಚಿಸುತ್ತಿತ್ತು, ಸಂಬಂಧ ನೇರವಾಗಿರಲಿಲ್ಲ.

ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು 1988ರ ಜಪಾನಿನ ಪ್ರಯೋಗ. ತಕಹಾಶಿ, ಸುಡಾ ಮತ್ತು ಸಂಗಡಿಗರು ಇಲಿಯ ಗುಲ್ಮದ ಕೋಶಗಳನ್ನು ಆಸ್ಟಿಯೋಬ್ಲಾಸ್ಟ್‌ಗಳ ಜೊತೆ ಬೆಳೆಸಿ, ವಿಟಮಿನ್ ಡಿಯ ಸಕ್ರಿಯ ರೂಪವನ್ನು ಹಾಕಿದಾಗ ಹೊಸ ಆಸ್ಟಿಯೋಕ್ಲಾಸ್ಟ್‌ಗಳೇ ಹುಟ್ಟಿದವು. ಎರಡರ ನಡುವೆ ಸೋಸುಪೊರೆಯೊಂದನ್ನು ಇಟ್ಟರೆ ಒಂದೂ ಹುಟ್ಟಲಿಲ್ಲ. ದ್ರವ ಆಚೀಚೆ ಹಾಯುತ್ತಿತ್ತು, ಕೋಶಗಳು ಮಾತ್ರ ಮುಟ್ಟುವಂತಿರಲಿಲ್ಲ. ಹಾಗಾದರೆ ಸಂಜ್ಞೆ ಆಸ್ಟಿಯೋಬ್ಲಾಸ್ಟಿನ ಮೈಮೇಲೆಯೇ ಅಂಟಿಕೊಂಡಿರಬೇಕು.

ಆ ಸಂಜ್ಞೆಯನ್ನು ಹೊತ್ತ ಪ್ರೋಟೀನು ಕೈಗೆ ಸಿಕ್ಕಿದ್ದು ಅದರ ವಿರೋಧಿಯ ಮೂಲಕ. 1997ರಲ್ಲಿ ಅಮೆರಿಕದ ಆಮ್‌ಜೆನ್ ಮತ್ತು ಜಪಾನಿನ ಹಾಲಿನ ಕಂಪನಿ ಸ್ನೋ ಬ್ರಾಂಡ್ ಬೇರೆಬೇರೆಯಾಗಿ ಆಸ್ಟಿಯೋಪ್ರೋಟೆಜೆರಿನ್ ಎಂಬ ತಡೆ ಪ್ರೋಟೀನನ್ನು ವರದಿ ಮಾಡಿದವು. ಅದು ಯಾವುದಕ್ಕೆ ಅಂಟಿಕೊಳ್ಳುತ್ತದೆಂದು ಹುಡುಕಿದಾಗ, ಮರುವರ್ಷ ರ‍್ಯಾಂಕ್‌ಎಲ್ ಸಿಕ್ಕಿತು. ಅದರ ಕರಗುವ ರೂಪವನ್ನು ಎಂ-ಸಿಎಸ್‌ಎಫ್ ಪ್ರೋಟೀನಿನ ಜೊತೆ ಹಾಕಿದರೆ, ಆಸ್ಟಿಯೋಬ್ಲಾಸ್ಟಿನ ಹಂಗಿಲ್ಲದೆಯೇ ಗುಲ್ಮದ ಕೋಶಗಳು ಆಸ್ಟಿಯೋಕ್ಲಾಸ್ಟ್‌ಗಳಾದವು. ರ‍್ಯಾಂಕ್‌ಎಲ್ ಅನ್ನು ತಡೆಯುವ ಪ್ರತಿಕಾಯ ಡೆನೋಸುಮ್ಯಾಬ್‌ಗೆ 2010ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಋತುಬಂಧದ ನಂತರ ಮೂಳೆ ಸವೆಯುವ ಮಹಿಳೆಯರಿಗೆ ಇದನ್ನು ಆರು ತಿಂಗಳಿಗೊಮ್ಮೆ ಚುಚ್ಚುತ್ತಾರೆ.